ಎಲೆಯಂಥ ಗಡ್ಡೆ

ಕೊಯ್ಯಬೇಕಾಗಿದ್ದ ಒಂದು ಗಡ್ಡೆಯನ್ನು ನಾನು ಕೊಯ್ಯಲಿಲ್ಲ. ಅದು ನನ್ನ ಅಕ್ಕನ ಎದೆಯಿಂದ ತೆಗೆದದ್ದು. ಬಂದ ಸಂಜೆಯೇ ಅದನ್ನು ಹೋಳು ಮಾಡಿ ಔಷಧಿಯಲ್ಲಿ ಮುಳುಗಿಸಿಡುವುದು ನನ್ನ ಕೆಲಸವಾಗಿತ್ತು. ಮಾಡಲಿಲ್ಲ. ಆಮೇಲೆ ಮಾಡಿದೆ ಎಂದು ಸುಳ್ಳು ಹೇಳಿದೆ. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ತೀರ್ಮಾನಿಸಲು ಇವತ್ತಿಗೂ ನನ್ನಿಂದ ಆಗಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಒಂದು ಸಣ್ಣ ಲ್ಯಾಬಿನಲ್ಲಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬಾಟಲಿ ತೊಳೆಯಲು ಸೇರಿ, ನೋಡಿ ನೋಡಿ ಕೆಲಸ ಕಲಿತಿದ್ದೆ. ಸುತ್ತಮುತ್ತಲಿನ ನರ್ಸಿಂಗ್ ಹೋಮುಗಳಲ್ಲಿ ಆಪರೇಷನ್ ಮಾಡಿ ತೆಗೆದ ಗಡ್ಡೆ, ಗರ್ಭಕೋಶ, ಅಪೆಂಡಿಕ್ಸು ಎಲ್ಲ ನಮ್ಮಲ್ಲಿಗೆ ಬರುತ್ತಿದ್ದವು. ಕಾಯಿಲೆ ಯಾವುದೆಂದು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುವವರು ನಮ್ಮ ಡಾಕ್ಟರು. ಅವರು ನೋಡುವ ತನಕದ ಕೆಲಸವೆಲ್ಲ ನನ್ನದು.

ದೇಹದಿಂದ ಹೊರಗೆ ಬಂದ ಮಾಂಸ ಆ ಗಳಿಗೆಯಿಂದಲೇ ಕೆಡಲು ಶುರುವಾಗುತ್ತದೆ. ಫಾರ್ಮಲಿನ್ ಎಂಬ ಔಷಧಿ ಅದನ್ನು ತಡೆಯುತ್ತದೆ. ಆದರೆ ಅದು ಮಾಂಸದೊಳಗೆ ಇಳಿಯುವುದು ಬಹಳ ನಿಧಾನ. ದೊಡ್ಡ ಗಡ್ಡೆಯನ್ನು ಇಡಿಯಾಗಿ ಹಾಕಿಟ್ಟರೆ ಹೊರಗಿನ ಪದರ ಗಟ್ಟಿಯಾಗಿ ಉಳಿದುಕೊಳ್ಳುತ್ತದೆ, ಒಳಗಿನದು ಕೊಳೆಯುತ್ತದೆ. ಹಾಗಾಗಿ ಎಣ್ಣೆಗಾಯಿಗೆ ಬದನೆಕಾಯಿ ಸೀಳುವ ಹಾಗೆ, ಒಂದು ಕಡೆ ಕೂಡಿಕೊಂಡೇ ಇರುವಂತೆ, ಬೆರಳಗಲಕ್ಕೊಂದು ಸೀಳು ಹಾಕಬೇಕು. ಸೀಳುಗಳ ನಡುವೆ ಬ್ಯಾಂಡೇಜು ಬಟ್ಟೆ ಇಟ್ಟು, ಚೆನ್ನಾಗಿ ಮುಳುಗುವಷ್ಟು ಔಷಧಿ ಸುರಿಯಬೇಕು. ನಿದ್ದೆಗಣ್ಣಿನಲ್ಲೂ ಮಾಡಬಲ್ಲೆ ಎನ್ನುವಷ್ಟು ಸಲ ಮಾಡಿದ್ದೆ.

ಅಕ್ಕ ಮೂಡಲಪಾಳ್ಯದಲ್ಲಿದ್ದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಭಾವ ಮಿಲ್ಲಿನಲ್ಲಿ, ಅವಳು ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ನೂಲು ಸುತ್ತುವ ಕೆಲಸದಲ್ಲಿ. ಎದೆಯಲ್ಲಿ ಗಂಟಿದೆ ಎಂಬುದನ್ನು ಅವಳು ವರ್ಷದ ಹತ್ತಿರ ಯಾರಿಗೂ ಹೇಳಿರಲಿಲ್ಲ. ಬಲಗೈ ಎತ್ತಲು ಕಷ್ಟವಾದ ಮೇಲೆ ನನ್ನ ಹೆಂಡತಿಯ ಹತ್ತಿರ ಬಾಯಿಬಿಟ್ಟಳು. ನಾನು ಹೋಗಿ ಕೂಗಾಡಿದೆ.

"ಆಸ್ಪತ್ರೆ ಕೆಲಸದಲ್ಲೇ ಇದೀನಲ್ಲಕ್ಕ, ನಂಗೆ ಹೇಳೋಕೇನಾಗಿತ್ತು?"

"ತಮ್ಮನ ಹತ್ರ ಹೇಳೋ ವಿಷ್ಯಾನೇನೋ ಅದು? ಬಾಟ್ಲಿ ತೊಳಿಯೋನಿಗೆ ಎಷ್ಟು ಜಂಬ ನೋಡು."

ವಿಜಯನಗರದ ನರ್ಸಿಂಗ್ ಹೋಮಿನ ಲೇಡಿ ಡಾಕ್ಟರಿಗೆ ತೋರಿಸಿದೆವು. ಗಂಟು ದೊಡ್ಡದಿದೆ, ತೆಗೆದುಬಿಡೋಣ ಎಂದರು. ಯುಗಾದಿಯ ಹಿಂದಿನ ದಿನಕ್ಕೆ ಆಪರೇಷನ್ ಗೊತ್ತಾಯಿತು. ಒಳಗೆ ಕರೆದುಕೊಂಡು ಹೋಗುವ ಮೊದಲು ಅಕ್ಕ ನನ್ನನ್ನು ಹತ್ತಿರ ಕರೆದಳು. ಭಾವ ಆ ಕಡೆ ತಿರುಗಿದ್ದರು.

"ತೆಗೆದಿದ್ದನ್ನ ನಿಮ್ಮ ಲ್ಯಾಬಿಗೇ ಕಳಿಸ್ತಾರಂತಲ್ಲೋ. ನೀನು ನೋಡ್ಬೇಡ ಕಣೋ. ಬೇರೆ ಯಾರಿಗಾದ್ರೂ ಹೇಳು."

"ಇಲ್ಲಕ್ಕ, ನಾನು ಮುಟ್ಟಲ್ಲ."

"ದೇವ್ರಾಣೆ?"

"ದೇವ್ರಾಣೆ."

ನಮ್ಮ ಲ್ಯಾಬಿನಲ್ಲಿ ಆ ಕೆಲಸಕ್ಕೆ ಬೇರೆ ಯಾರೂ ಇರಲಿಲ್ಲ. ಅದು ಗೊತ್ತಿದ್ದೇ ಆಣೆಯಿಟ್ಟೆ.

ಆಪರೇಷನ್ ಕೋಣೆಯ ಬಾಗಿಲಲ್ಲಿ ಆಯಾ ನನ್ನ ಕಣ್ಣೆದುರೇ ಬಾಟಲಿಗೆ ಫಾರ್ಮಲಿನ್ ಸುರಿದು ಗಡ್ಡೆಯನ್ನು ಹಾಕಿದಳು. ನನ್ನ ಕಣ್ಣು ಉರಿಯಿತು. ಬಾಟಲಿಯನ್ನು ವೈರ್ ಬ್ಯಾಗಿನಲ್ಲಿಟ್ಟು, ಮೇಲೆ ಟವೆಲ್ ಮುಚ್ಚಿ, ಬಸ್ಸಿನಲ್ಲಿ ರಾಜಾಜಿನಗರಕ್ಕೆ ತಂದೆ. ಸೀಟು ಸಿಕ್ಕಿದ್ದರೂ ಕೂರಲಿಲ್ಲ.

ಡಾಕ್ಟರು ಹಬ್ಬಕ್ಕೆ ಊರಿಗೆ ಹೊರಟುಹೋಗಿದ್ದರು. ರಕ್ತ ಪರೀಕ್ಷೆ ಮಾಡುವ ಟೆಕ್ನೀಷಿಯನ್ ಒಬ್ಬನೇ ಬೀಗ ಹಿಡಿದು ನಿಂತಿದ್ದ.

"ಏನ್ ಗುರು, ಹಬ್ಬದ ಹೊತ್ನಲ್ಲೂ ಮಾಲು ತಂದ್ಯಾ? ಯಾರ್ದು?"

"ಯಾರದೋ. ಮೂಡಲಪಾಳ್ಯದವರದ್ದು."

"ಬೇಗ ಕೊಯ್ದಿಟ್ಟು ಬೀಗ ಹಾಕ್ಕೊಂಡು ಹೋಗು. ನಾನು ಎಣ್ಣೆ, ಬೆಲ್ಲ ತಗೊಂಡು ಹೋಗ್ಬೇಕು, ಇಲ್ದಿದ್ರೆ ಮನೇಲಿ ನನ್ನನ್ನ ಕೊಯ್ತಾರೆ."

ಅವನು ಹೋದ. ಗಡ್ಡೆಯನ್ನು ಹೊರತೆಗೆದು ಹಲಗೆಯ ಮೇಲಿಟ್ಟೆ. ದೊಡ್ಡ ಮಾವಿನಕಾಯಿಯಷ್ಟಿತ್ತು. ಒಂದು ಪಕ್ಕದಲ್ಲಿ ಲೇಡಿ ಡಾಕ್ಟರು ಗುರುತಿಗೆ ಕಟ್ಟಿದ್ದ ಕಪ್ಪು ದಾರ. ಅದು ಕಂಕುಳಿನ ಕಡೆಯ ಅಂಚು ಎಂದರ್ಥ. ಚಾಕು ಹಿಡಿದೆ. ಬೇರೆಯವರದಾಗಿದ್ದರೆ ಅಷ್ಟು ಹೊತ್ತಿಗೆ ಕೆಲಸ ಮುಗಿದು ಕೈ ತೊಳೆದಾಗಿರುತ್ತಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅಕ್ಕ ನನ್ನನ್ನು ಮಲಗಿಸಿಕೊಳ್ಳುತ್ತಿದ್ದ ಜಾಗ ಅದು. ಚಾಕು ಇಟ್ಟೆ, ಮತ್ತೆ ಹಿಡಿದೆ. ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಗಡ್ಡೆಯನ್ನು ಇಡಿಯಾಗಿ ಬಾಟಲಿಗೆ ಹಾಕಿ, ಇನ್ನಷ್ಟು ಫಾರ್ಮಲಿನ್ ಸುರಿದು, ಬಾಗಿಲು ಹಾಕಿಕೊಂಡು ಹೊರಟೆ. ಔಷಧಿ ಜಾಸ್ತಿ ಇದ್ದರೆ ಸಾಕಾಗಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಸಾಕಾಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಯುಗಾದಿ, ಮರುದಿನ ಹೊಸತೊಡಕು, ಅದಕ್ಕೆ ಅಂಟಿಕೊಂಡು ಭಾನುವಾರ. ಬಿಸಿಲು ಬೇರೆ. ಹೊಸತೊಡಕಿನ ದಿನ ನಮ್ಮಲ್ಲಿ ಮಾಂಸದಡಿಗೆ. ಮನೆಯಲ್ಲಿ ನಾನೇ ಕೂತು ಮಾಂಸ ಕೊಯ್ದೆ. ಎಷ್ಟು ಸಲೀಸಾಗಿ ಕೊಯ್ದೆನೆಂದರೆ ಹೆಂಡತಿ, "ನಿಮ್ಮ ಲ್ಯಾಬಿನ ಕೈಚಳಕ ಇಲ್ಲಿ ಕೆಲ್ಸಕ್ಕೆ ಬಂತು ನೋಡಿ" ಎಂದಳು. 

ಸೋಮವಾರ ಎಲ್ಲರಿಗಿಂತ ಮೊದಲೇ ಹೋಗಿ ಬಾಗಿಲು ತೆಗೆದೆ. ಈಗ ಚಾಕು ಕೆಳಗಿಡಲಿಲ್ಲ, ಯಾಕೆಂದರೆ ಈಗ ಭಯ ಬೇರೆಯದಾಗಿತ್ತು. ಗಡ್ಡೆಗೆ ಸೀಳು ಹಾಕಿದೆ. ಹೊರಗಿನ ಪದರ ಬಿಳುಪಾಗಿ, ಬೆಂದ ಮೊಟ್ಟೆಯ ಹಾಗೆ ಗಟ್ಟಿಯಾಗಿತ್ತು. ನಡುವಿನದು ಕಂದು ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಚಾಕುವಿಗೆ ಅಂಟಿಕೊಂಡು ಬಂತು. ಫಾರ್ಮಲಿನ್ ವಾಸನೆಯನ್ನೂ ಮೀರಿ ಇನ್ನೊಂದು ವಾಸನೆ ಬಂತು. ಸೀಳುಗಳ ನಡುವೆ ಬಟ್ಟೆಯಿಟ್ಟು, ಹಬ್ಬದ ಮೊದಲೇ ಕೊಯ್ದಿಟ್ಟದ್ದರ ಹಾಗೆ ಕಾಣುವಂತೆ ಜೋಡಿಸಿದೆ.

ಡಾಕ್ಟರು ಬಂದವರು ನೋಡಿ ಹುಬ್ಬು ಗಂಟಿಕ್ಕಿದರು.

"ಏನಯ್ಯಾ ಇದು, ಮಧ್ಯ ಎಲ್ಲ ಹೋಗಿದೆಯಲ್ಲ. ಬಂದ ದಿನವೇ ಕೊಯ್ದೆ ತಾನೇ?"

"ಕೊಯ್ದೆ ಸಾರ್."

"ಹಾಗಾದ್ರೆ ಬರೋಕ್ಮುಂಚೇನೇ ಕೆಟ್ಟಿದೆ. ಔಷಧಿಗೆ ಹಾಕದೆ ಎಷ್ಟು ಹೊತ್ತು ಹೊರಗೆ ಇಟ್ಕೊಂಡಿದ್ರೋ ಅವರು."

ಅದು ನನ್ನ ಅಕ್ಕನದು ಎಂದು ಆಗ ಹೇಳಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿ, "ಮೊದಲೇ ಹೇಳೋದಲ್ವೇನಯ್ಯಾ" ಎಂದರು. ನಾನು ಹೆದರಿರುವುದು ಅಕ್ಕನ ಚಿಂತೆಯಿಂದ ಎಂದುಕೊಂಡರು.

ಗಡ್ಡೆಯಿಂದ ಅವರು ಆರಿಸಿ ಕೊಟ್ಟ ತುಣುಕುಗಳ ನೀರಿನಂಶವನ್ನು ಸ್ಪಿರಿಟ್ಟಿನಲ್ಲಿ ತೆಗೆದು, ಕರಗಿದ ಮೇಣದಲ್ಲಿ ನೆನೆಸಿ, ಹಿತ್ತಾಳೆ ಚೌಕಟ್ಟಿನಲ್ಲಿ ಅಚ್ಚು ಹುಯ್ದೆ. ಅಚ್ಚನ್ನು ಸೀಳುವ ಯಂತ್ರಕ್ಕೆ ಮೈಕ್ರೋಟೋಮ್ ಎನ್ನುತ್ತಾರೆ. ಕ್ಷೌರದ ಕತ್ತಿಯಂಥ ದೊಡ್ಡ ಅಲಗನ್ನು ಚರ್ಮದ ಪಟ್ಟಿಗೆ ಮಸೆದು, ಕೂದಲಿಗಿಂತ ತೆಳುವಾದ ಪದರ ತೆಗೆಯಬೇಕು. ಅಂಚಿನ ತುಣುಕುಗಳು ಒಳ್ಳೆಯ ರಿಬ್ಬನ್ನಿನಂತೆ ಒಂದಕ್ಕೊಂದು ಅಂಟಿಕೊಂಡು ಬಂದವು. ನಡುವಿನವು ಪುಡಿಯಾದವು. ಬಿಸಿನೀರಿನ ಮೇಲೆ ತೇಲಿಬಿಟ್ಟು ಗಾಜಿನ ಮೇಲೆ ಎತ್ತಿಕೊಂಡು, ನೀಲಿ, ಗುಲಾಬಿ ಎರಡು ಬಣ್ಣ ಕಟ್ಟಿದೆ.

ಡಾಕ್ಟರು ಬಹಳ ಹೊತ್ತು ನೋಡಿ, "ಬಾ, ನೀನೂ ನೋಡು" ಎಂದು ಮೈಕ್ರೋಸ್ಕೋಪ್ ಬಿಟ್ಟುಕೊಟ್ಟರು.

ಬಿಳಿ ಸೀಳುಗಳೊಳಗೆ ಗುಲಾಬಿ ಬಣ್ಣದ ಎಲೆಗಳು ಚಾಚಿಕೊಂಡಿದ್ದವು. ಬುಡ ಸಣ್ಣ, ತುದಿ ಅಗಲ. ಎಲೆಗಳ ಅಂಚಿಗೆ ನೀಲಿ ಚುಕ್ಕೆಗಳ ಸಾಲು, ಸೀರೆಗೆ ಸಣ್ಣ ಅಂಚು ಹಾಕಿದ ಹಾಗೆ. ಒಂದರ ಪಕ್ಕ ಒಂದು ಒತ್ತಿಕೊಂಡು, ಮಡಿಸಿಕೊಂಡು, ಇನ್ನೂ ಅರಳಬೇಕೇನೋ ಎಂಬಂತೆ. ಚೆಂದ ಎಂದು ಅನ್ನಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

"ಸಿಸ್ಟೋಸಾರ್ಕೋಮ ಫಿಲ್ಲೋಡಿಸ್" ಎಂದರು.

ಸಾರ್ಕೋಮ ಎಂಬ ಮಾತನ್ನು ಅಲ್ಲಿ ಕೆಲಸ ಮಾಡುವವರೆಲ್ಲ ಬಲ್ಲರು. ನನ್ನ ಮುಖ ನೋಡಿ ಅವರೇ ಕುರ್ಚಿ ಎಳೆದು ಕೂರಿಸಿದರು.

"ಹೆಸರಿಗೆ ಹೆದರಬೇಡ. ಫಿಲ್ಲಾನ್ ಅಂದ್ರೆ ಗ್ರೀಕ್ ಭಾಷೇಲಿ ಎಲೆ. ಫಿಲ್ಲೋಡಿಸ್ ಅಂದ್ರೆ ಎಲೆಯಂಥದ್ದು. ಅಷ್ಟೇ."

"ಮುಂದೆ ಇರೋದು ಸಾರ್? ಸಾರ್ಕೋಮ?"

"ಅದೂ ಗ್ರೀಕೇ. ಮಾಂಸ ಅಂತ. ಈ ಹೆಸರಿಟ್ಟಾಗ ಮಾಂಸದ ಥರ ಕಾಣೋ ಗಡ್ಡೆಗೆಲ್ಲ ಹಾಗೇ ಕರೀತಿದ್ರು. ಕ್ಯಾನ್ಸರ್ ಅನ್ನೋ ಅರ್ಥ ಆಮೇಲೆ ಬಂದು ಸೇರ್ಕೊಂಡಿದ್ದು. ಅದಕ್ಕೇ ಈಗೀಗ ಆ ಮಾತು ಬಿಟ್ಟು ಬರೀ ಫಿಲ್ಲೋಡಿಸ್ ಅಂತಿದ್ದಾರೆ. ಬಹುಪಾಲು ಇವು ಸಾಧುವೇ. ಕೆಲವು ಮಾತ್ರ ಕೆಟ್ಟವು."

"ಇದು ಎಲೆ ಥರ ಇದೆ ಅಂತ ಮೊದಲು ಈ ಮೈಕ್ರೋಸ್ಕೋಪಲ್ಲಿ ಕಂಡಿದ್ದಾ ಸಾರ್?"

"ಇಲ್ಲ ಕಣಯ್ಯಾ. ಹಳೇ ಕಾಲದ ಒಬ್ಬ ಜರ್ಮನ್ ವೈದ್ಯ. ಗಡ್ಡೇನ ಕೊಯ್ದು ಬರಿಗಣ್ಣಲ್ಲೇ ನೋಡಿ ಇಟ್ಟ ಹೆಸರು. ಎಲೆಕೋಸನ್ನ ಅಡ್ಡಕ್ಕೆ ಕೊಯ್ದ್ರೆ ಒಳಗೆ ಪದರ ಪದರ ಕಾಣುತ್ತಲ್ಲ, ಹಾಗೆ. ಹೊರಗಿಂದ ನೋಡಿದ್ರೆ ಬರೀ ಉಂಡೆ. ತಾಜಾ ಇದ್ದಾಗ ಕೊಯ್ದ್ರೆ ನಿನಗೂ ಕಾಣ್ತಿತ್ತು. ನೀನು ಕೊಯ್ದಾಗ ಕಾಣಲಿಲ್ವಾ?"

"ಸರಿಯಾಗಿ ನೋಡಲಿಲ್ಲ ಸಾರ್" ಎಂದೆ.

ಸಾಧುವೋ ಕೆಟ್ಟದ್ದೋ ತಿಳಿಯಲು ಒಡೆದು ಎರಡಾಗುತ್ತಿರುವ ಜೀವಕೋಶಗಳನ್ನು ಎಣಿಸಬೇಕು. ಹೊರಗೆ ಬಹಳ ಹೊತ್ತು ಒಣಗಿದ ಗಡ್ಡೆಯಲ್ಲಿ ಆ ಎಣಿಕೆ ಅಂಚಿನಲ್ಲೂ ಸುಳ್ಳು ಹೇಳುತ್ತದೆ, ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಆದ್ದರಿಂದ ಡಾಕ್ಟರು, ಗಡ್ಡೆ ಎಲೆಯಂಥದ್ದು, ಆದರೆ ತಡವಾಗಿ ಔಷಧಿಗೆ ಬಿದ್ದಿರುವುದರಿಂದ ಅದರ ಸ್ವಭಾವ ಹೇಳಲಾಗುವುದಿಲ್ಲ ಎಂದು ಲೇಡಿ ಡಾಕ್ಟರಿಗೆ ರಿಪೋರ್ಟು ಬರೆದು ಕಳಿಸಿದರು.

ಲೇಡಿ ಡಾಕ್ಟರು ನಮ್ಮನ್ನು ಕೂರಿಸಿ ವಿವರಿಸಿದರು. ಸ್ವಭಾವ ಗೊತ್ತಿಲ್ಲದ ಮೇಲೆ ಇಡೀ ಎದೆಯನ್ನೇ ತೆಗೆಯುವುದು ಕ್ಷೇಮ. ಬಲಗೈ ಮೊದಲಿನ ಹಾಗೆ ಆಡುವುದು ಕಷ್ಟವಾಗಬಹುದು. ಭಾವ ಮಾತ್ರ ರಿಪೋರ್ಟಿನಲ್ಲಿದ್ದ ಹೆಸರನ್ನೇ ಹಿಡಿದುಕೊಂಡಿದ್ದರು, ಮಿಲ್ಲಿನಲ್ಲಿ ಕೇಳಿಯೂ ಬಂದಿದ್ದರು. ಹೊರಗೆ ಬಂದು, "ಸಾರ್ಕೋಮ ಅಂದ್ರೆ ಅದೇ ಅಂತೆ, ನಮ್ಮ ಶಿಫ್ಟಿನವನೊಬ್ಬ ಹೇಳ್ದ" ಎಂದು ಗೋಡೆಗೆ ಒರಗಿದರು.

ಅಕ್ಕ ನನ್ನನ್ನು ಕೇಳಿದಳು. "ನಿಜ ಹೇಳು. ಏನಂತೆ ಅದರ ಹೆಸರು?"

"ಎಲೆಯಂಥದ್ದು ಅಂತ ಅರ್ಥವಂತಕ್ಕ. ಒಳಗೆ ಎಲೆ ಎಲೆ ಥರ ಇರುತ್ತೆ. ಹೆಸರು ಕೇಳಿ ಹೆದರಬಾರದಂತೆ."

"ಯಾವ ಎಲೆನೋ? ವೀಳ್ಯದೆಲೆನಾ? ಅಡಿಕೆ ಸುಣ್ಣ ತಗೊಂಡು ಬಾ ಮತ್ತೆ." ಅವಳೇ ನಕ್ಕು, ಹೊಲಿಗೆ ಎಳೆದು ಮುಖ ಹಿಂಡಿದಳು. "ನಗಿಸ್ಬೇಡ ಕಣೋ." ಸ್ವಲ್ಪ ಹೊತ್ತಾದ ಮೇಲೆ ಬಲಗೈ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿಕೊಂಡಳು. "ಈ ಕೈ ಹೋದ್ರೆ ಶೆಡ್ಡಲ್ಲಿ ನನ್ನನ್ನ ಯಾರು ಇಟ್ಕೋತಾರೆ? ಎದೆ ಹೋಗ್ಲಿ ಬಿಡು, ವಯಸ್ಸಾಯ್ತು. ಕೈ ಬೇಕಿತ್ತು."

ಆ ದಿನವೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಎರಡನೇ ಆಪರೇಷನ್ನಿಗೆ ದಿನ ಗೊತ್ತಾಯಿತು.

ಒಂದು ಸಂಜೆ ಅಕ್ಕನ ಡ್ರೆಸ್ಸಿಂಗ್ ಮಾಡಿಸಿ ಆರ್‌ಪಿಸಿ ಲೇಔಟ್ ಕಡೆಯ ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಆಯಾ ಬಂದಳು, ಕೈಯಲ್ಲಿ ಊಟದ ಡಬ್ಬಿ, ಮಡಿಸಿದ ಬಿಳಿ ಸೀರೆ. ಅಕ್ಕನನ್ನು ಮಾತಾಡಿಸಿ, ನನ್ನನ್ನು ಒಂದು ಪಕ್ಕಕ್ಕೆ ಕರೆದಳು.

"ನಾಳೆಯಿಂದ ಬರ್ಬೇಡ ಅಂದ್ಬಿಟ್ರು ಕಣಣ್ಣಾ. ಗಡ್ಡೇನ ಔಷಧೀಗೆ ಹಾಕ್ದೆ ಹರಟೆ ಹೊಡೀತಾ ಕೂತಿದ್ನಂತೆ. ನಾನು ಕೈಯಾರೆ ಸುರಿದೆ. ನೀನೇ ನಿಂತು ನೋಡ್ದೆ, ಅಲ್ವಾ?"

"ನೋಡ್ದೆ" ಎಂದೆ.

"ಹಂಗಂತ ಒಂದು ಮಾತು ಹೇಳಣ್ಣಾ ಅವರಿಗೆ. ನಿನ್ನ ಮಾತು ಕೇಳ್ತಾರೆ."

ಬಸ್ಸು ಬಂತು. ಅಕ್ಕನನ್ನು ಹತ್ತಿಸಿದೆ. "ಏನಂತೋ ಅವಳಿಗೆ?" ಎಂದು ಅಕ್ಕ ಕೇಳಿದಳು. ಕೆಲಸ ಹೋಯಿತಂತೆ ಎಂದೆ. "ಪಾಪ, ಒಳ್ಳೇ ಹೆಂಗಸು. ನಾನು ಅಳ್ತಿದ್ದಾಗ ಕೈ ಹಿಡ್ಕೊಂಡಿದ್ಲು" ಎಂದಳು. ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಆಯಾ ಪರವಾಗಿ ಮಾತಾಡಬೇಕಾದರೆ ಕಾರಣ ಹೇಳಲೇಬೇಕು. ನಿಜಕಾರಣ ಒಂದೇ ಇತ್ತು. ಇನ್ನೊಂದು ವಿಷಯ ಅಲ್ಲಿ, ಆ ಬಸ್ಸಿನಲ್ಲಿ ನನಗೆ ಹೊಳೆಯಿತು: ಗಡ್ಡೆ ಒಣಗಿರಲೇ ಇಲ್ಲ. ತೆಗೆದ ತಕ್ಷಣ ಔಷಧಿಗೆ ಬಿದ್ದಿತ್ತು. ಹಾಗಾದರೆ ಕೆಟ್ಟದ್ದು ನಡುವಿನದು ಮಾತ್ರ. ಅಂಚು ಸರಿಯಾಗಿಯೇ ಇರಬೇಕು. ಅಂಚಿನ ಎಣಿಕೆಯನ್ನು ನಂಬಬಹುದು. ಡಾಕ್ಟರು ಅದನ್ನು ನಂಬದೆ ಬಿಟ್ಟದ್ದು, ನನ್ನನ್ನು ನಂಬಿದ್ದರಿಂದ.

ಬೆಳಿಗ್ಗೆ ಅವರು ಕೋಟು ಹಾಕಿಕೊಳ್ಳುವಷ್ಟರಲ್ಲಿ ಹೋಗಿ ನಿಂತೆ.

"ಸಾರ್, ಅಕ್ಕನ ಗಡ್ಡೇನ ನಾನು ಅವತ್ತು ಕೊಯ್ಲಿಲ್ಲ. ಸೋಮವಾರ ಬೆಳಿಗ್ಗೆ, ನೀವು ಬರೋಕ್ಮುಂಚೆ ಕೊಯ್ದೆ."

ಅವರ ಒಂದು ತೋಳು ಕೋಟಿನಲ್ಲಿ, ಒಂದು ಹೊರಗೆ. ಹಾಗೇ ನಿಂತರು.

"ಔಷಧಿಗೆ ಯಾವಾಗ ಬಿತ್ತು?"

"ತೆಗೆದ ತಕ್ಷಣ ಸಾರ್. ಆಯಾ ಹಾಕಿದ್ದು ನಾನೇ ನೋಡಿದೀನಿ."

ಬಯ್ಯುತ್ತಾರೆ, ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಇನ್ನೊಂದು ತೋಳು ಹಾಕಿಕೊಂಡು, "ಬಾಟಲಿ ತಗೊಂಡು ಬಾ" ಎಂದರು. ಹಲಗೆ ಎಳೆದರು. ಚಾಕುವನ್ನು ನನ್ನ ಕಡೆ ತಿರುಗಿಸಿ ಇಟ್ಟರು. "ನೀನೇ ಕೊಯ್ಯಿ."

ಅಂಚಿಗೆಲ್ಲ ಕಪ್ಪು ಶಾಯಿ ಬಳಿದೆವು, ಮೈಕ್ರೋಸ್ಕೋಪಿನಲ್ಲಿ ಅಂಚು ಎಲ್ಲಿ ಎಂದು ಗೊತ್ತಾಗಲು. ದಾರ ಕಟ್ಟಿದ್ದ ಕಡೆಯಿಂದ ಶುರುಮಾಡಿ ಸುತ್ತಲೂ, ಕಿತ್ತಳೆ ಸಿಪ್ಪೆ ಸುಲಿದ ಹಾಗೆ, ಗಟ್ಟಿಯಾಗಿ ಉಳಿದಿದ್ದಷ್ಟನ್ನೂ ತೆಗೆದೆ. ಮೊದಲು ತೆಗೆದದ್ದಕ್ಕಿಂತ ಎಷ್ಟೋ ಹೆಚ್ಚು ತುಣುಕು. ಮೇಣದ ಒಲೆಯಲ್ಲಿ ಜಾಗ ಸಾಲದೆ ಬೇರೆಯವರ ಕೆಲಸ ಹಿಂದೆ ಬಿತ್ತು. ಡಾಕ್ಟರು ಆ ದಿನಗಳಲ್ಲಿ ನನ್ನ ಜೊತೆ ಕೆಲಸದ ಮಾತು ಬಿಟ್ಟು ಇನ್ನೊಂದು ಮಾತಾಡಲಿಲ್ಲ. ಟೆಕ್ನೀಷಿಯನ್ನಿಗೆ ಏನೂ ಗೊತ್ತಿರಲಿಲ್ಲ, "ಏನ್ ಗುರು, ಇಬ್ರೂ ಮೌನವ್ರತಾನಾ?" ಎಂದು ಚಹಾ ತಂದಿಟ್ಟ.

ಅವರು ಒಂದೊಂದೇ ಗಾಜು ನೋಡಿ ಮುಗಿಸುವ ತನಕ ಅಲ್ಲೇ ನಿಂತಿದ್ದೆ. ಎಲ್ಲದರಲ್ಲೂ ಅದೇ ಎಲೆಗಳು. ಒಡೆಯುತ್ತಿರುವ ಜೀವಕೋಶಗಳು ಅಲ್ಲೊಂದು ಇಲ್ಲೊಂದು ಮಾತ್ರ. ದಾರದ ಪಕ್ಕದ ಒಂದು ಕಡೆ ಮಾತ್ರ ಎಲೆಯ ತುದಿ ಕಪ್ಪು ಶಾಯಿಯನ್ನು ಮುಟ್ಟಿತ್ತು. ಅಂದರೆ ಆ ಕಡೆ ಸ್ವಲ್ಪ ಒಳಗೇ ಉಳಿದಿರಬಹುದು.

"ಅಷ್ಟನ್ನ ಇನ್ನೊಂದಿಷ್ಟು ಅಗಲಕ್ಕೆ ತೆಗೆದ್ರೆ ಸಾಕು" ಎಂದರು. "ಪೂರ್ತಿ ತೆಗೆಯೋ ಅಗತ್ಯ ಇಲ್ಲ ಅಂತ ನಾನು ಹೇಳ್ತೀನಿ. ಆದ್ರೆ ನಡುವೆ ಏನಿತ್ತು ಅಂತ ನಂಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗಲ್ಲ. ಆಗಾಗ ತೋರಿಸ್ತಾನೇ ಇರಬೇಕು, ವರ್ಷಗಟ್ಟಲೆ." ಕನ್ನಡಕ ಒರೆಸಿಕೊಂಡರು. "ನಿಮ್ಮಕ್ಕನಿಗೆ ಹೇಳಿದ್ಯಾ?"

"ಇಲ್ಲ ಸಾರ್."

"ಅದನ್ನ ನಾನು ಹೇಳೋಕಾಗಲ್ಲ."

ಲೇಡಿ ಡಾಕ್ಟರ ಮುಂದೆ ನಾನೇ ಹೋಗಿ ಹೇಳಿದೆ. ಆಯಾಳನ್ನು ಮತ್ತೆ ಕರೆಸಿಕೊಂಡರು. ಅವಳು ಅಲ್ಲಿಂದ ಮುಂದೆ ಎಂದೂ ಬಾಟಲಿಯನ್ನು ನನ್ನ ಕೈಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟು, ಔಷಧಿ ಎಲ್ಲಿ ತನಕ ಇದೆ ಎಂದು ಬೆರಳಿಟ್ಟು ತೋರಿಸಿ ಹೋಗುತ್ತಿದ್ದಳು.

ಅಕ್ಕನಿಗೆ ಸಣ್ಣ ಆಪರೇಷನ್ನಿನಲ್ಲೇ ಮುಗಿಯಿತು. ಕೈ ಉಳಿಯಿತು, ಕೆಲಸ ಉಳಿಯಿತು. ಪರೀಕ್ಷೆಗೆ ಕರೆದುಕೊಂಡು ಹೋದಾಗಲೆಲ್ಲ ಹಿಂದಿನ ರಾತ್ರಿ ಅವಳು ಊಟ ಬಿಡುತ್ತಿದ್ದಳು. ಲೇಡಿ ಡಾಕ್ಟರು ಮುಟ್ಟಿ ನೋಡಿ ಏನೂ ಇಲ್ಲ ಎನ್ನುವ ತನಕ ಉಸಿರು ಹಿಡಿದುಕೊಂಡಿರುತ್ತಿದ್ದಳು. ಪ್ರತಿ ಸಲ ಬಸ್ಸಿನಲ್ಲಿ ಅದೇ ಪ್ರಶ್ನೆ. "ಸುತ್ತ ಎಲ್ಲ ಒಳ್ಳೇದು ಅಂತಾರೆ. ನಡುವೆ ಏನಿತ್ತು ಅಂತ ಯಾಕೋ ಹೇಳಲ್ಲ?" ಗೊತ್ತಾಗಲಿಲ್ಲವಂತೆ ಎನ್ನುತ್ತಿದ್ದೆ. ಅದು ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮರುವರ್ಷದ ಹೊಸತೊಡಕಿಗೆ ಅಕ್ಕನ ಮನೆಗೆ ಹೋದೆವು. ಭಾವ ಮಾಂಸ ತಂದು ಅಡಿಗೆಮನೆಯಲ್ಲಿಟ್ಟರು. ಅಕ್ಕ ಮಣೆ, ಚಾಕು ನನ್ನ ಮುಂದೆ ತಳ್ಳಿ, ತಾನು ಈರುಳ್ಳಿ ಹಿಡಿದು ಎದುರಿಗೆ ಕೂತಳು. ನಾನು ಚಾಕು ಮುಟ್ಟದೆ ಕೂತೇ ಇದ್ದೆ.

"ಏನೋ, ಹೋದ ವರ್ಷ ಭಾರಿ ಚೆನ್ನಾಗಿ ಕೊಯ್ದೆ ಅಂತ ನಿನ್ನ ಹೆಂಡ್ತಿ ಹೊಗಳ್ತಿದ್ಲು. ಇವತ್ತೇನಾಯ್ತು?"

"ಅಕ್ಕ, ನಡುವೆ ಏನಿತ್ತು ಅಂತ ಕೇಳ್ತಿರ್ತೀಯಲ್ಲ."

ಈರುಳ್ಳಿ ಹೆಚ್ಚುತ್ತಿದ್ದ ಅವಳ ಕೈ ನಿಂತಿತು.

"ನೋಡ್ಬೇಡ ಅಂದಿದ್ದೆ ನೀನು, ನಾನೂ ಆಣೆ ಮಾಡಿದ್ದೆ. ಬೇರೆ ಯಾರಿಗೂ ಹೇಳ್ಲಿಲ್ಲ, ನಾನೂ ಕೊಯ್ಲಿಲ್ಲ. ಹಬ್ಬ ಮುಗಿಯೋ ತನಕ ಹಾಗೇ ಇಟ್ಟೆ, ನಡುವಿಂದು ಕೊಳೆತುಹೋಯ್ತು. ಕೊಯ್ದೆ ಅಂತ ಸುಳ್ಳು ಹೇಳ್ದೆ. ಆಯಾ ಕೆಲಸ ಹೋಗಿದ್ದೂ ನನ್ನಿಂದಾನೇ. ನೀನು ಊಟ ಬಿಟ್ಟು ಹೆದರ್ಕೊಂಡು ಕೂರೋದೂ ನನ್ನಿಂದಾನೇ. ತಪ್ಪಾಯ್ತಕ್ಕ. ನಂದು ತಪ್ಪಾಯ್ತು."